ಗಡಿ ದಾಟುವ ಹೊಗೆಯೂ ನೆರೆರಾಷ್ಟ್ರಗಳ ಹೊಣೆಯೂ

2021ನೆಯ ಇಸವಿಯ ಡಿಸೆಂಬರಿನಲ್ಲಿ, ದೆಹಲಿಯ ವಾಯುಮಾಲಿನ್ಯವನ್ನು ಕುರಿತ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ಮುಂದೆ ವಿಚಾರಣೆಯಲ್ಲಿದ್ದಾಗ, ಉತ್ತರ ಪ್ರದೇಶ ಸರ್ಕಾರದ ಪರವಾಗಿ ವಾದಿಸುತ್ತಿದ್ದ ನ್ಯಾಯವಾದಿಗಳು ತಮ್ಮ ರಾಜ್ಯದ ಕಾರ್ಖಾನೆಗಳ ಹೊಗೆ ಗಾಳಿಯ ದಿಕ್ಕಿನ ದೆಸೆಯಿಂದ ದೆಹಲಿಯನ್ನು ಮುಟ್ಟುವುದಿಲ್ಲವೆಂದೂ, ಕಲುಷಿತವಾದ ವಾಯು ಪಾಕಿಸ್ತಾನದ ಕಡೆಯಿಂದ ಬರುತ್ತಿದೆಯೆಂದೂ ನಿವೇದಿಸಿದರು. ಹಾಗಾದರೆ ಪಾಕಿಸ್ತಾನದ ಕಾರ್ಖಾನೆಗಳನ್ನು ಮುಚ್ಚಿಸಬೇಕೆಂಬುದು ನಿಮ್ಮ ಅಪೇಕ್ಷೆಯೋ ಎಂದು ಆಗ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎನ್. ವಿ. ರಮಣ ಅವರು ಕೇಳಿದರು. ಒಂದು ದಿನದ ಸುದ್ದಿಯಾಗಿ ಮುಗಿದುಹೋದ ಈ ಪ್ರಶ್ನೋತ್ತರದಲ್ಲಿ ನಮ್ಮ ಕಾಲದ ಗುರುತರವಾದ ಸಮಸ್ಯೆಯೊಂದು ಅಡಗಿದೆ. ನೆರೆನಾಡಿನ ಹೊಗೆ ನಮ್ಮಲ್ಲಿಗೆ ಬರುತ್ತದೆಂಬುದು ಸುಳ್ಳಲ್ಲ; ಆದರೆ ಹಾಗೆಂದು ಹೇಳಿದ ಮಾತ್ರಕ್ಕೆ ನಮ್ಮ ಹೊಗೆಯ ಹೊಣೆ ನಮ್ಮಿಂದ ಕಳಚಿಹೋಗುವುದೂ ಇಲ್ಲ, ಬರುವ ಹೊಗೆ ನಿಲ್ಲುವುದೂ ಇಲ್ಲ. ಅದು ನಿಲ್ಲಬೇಕಾದರೆ, ಹೊಗೆಯನ್ನು ಕಳುಹಿಸುವ ನಾಡು ಮತ್ತು ಅದನ್ನು ಉಸಿರಾಡುವ ನಾಡು ಎರಡೂ ಒಂದೇ ಮಾಪನಕ್ಕೆ ಒಪ್ಪಿ, ತಮ್ಮ ತಮ್ಮ ಪಾಲನ್ನು ಬಹಿರಂಗವಾಗಿ ಅಂಗೀಕರಿಸಿ, ಅದನ್ನು ತಗ್ಗಿಸುವ ಪ್ರತಿಜ್ಞೆಗೆ ಲಿಖಿತವಾಗಿ ಬದ್ಧವಾಗಬೇಕು. ದಕ್ಷಿಣ ಏಷ್ಯದಲ್ಲಿ ಈ ಕಾರ್ಯಕ್ಕೆ ಮೊದಲು ಕೈಹಾಕತಕ್ಕ ರಾಷ್ಟ್ರ ಭಾರತವೇ ಎಂಬುದನ್ನು, ಅದೂ ನಾವು ಬಾಧೆಪಟ್ಟವರು ಎಂಬ ಕಾರಣದಿಂದ ಮಾತ್ರವಲ್ಲದೆ ನಾವೂ ಬಾಧೆಯನ್ನು ಕಳುಹಿಸುವವರು ಎಂಬ ಕಾರಣದಿಂದ, ಇಲ್ಲಿ ಪ್ರತಿಪಾದಿಸಬೇಕೆಂದಿದ್ದೇನೆ.

ಹೊಗೆಯೆಂದೊಡನೆ ಕಣ್ಣುರಿ, ಕೆಮ್ಮು, ಮಬ್ಬು ಕವಿದ ದಾರಿ ಇವು ಮನಸ್ಸಿಗೆ ಬರುವುದು ಸಹಜ. ಆದರೆ ದೇಹಕ್ಕೆ ಅತ್ಯಂತ ಘೋರವಾದ ಹಾನಿಯನ್ನುಂಟುಮಾಡತಕ್ಕವು ಕಣ್ಣಿಗೆ ಬಿಡಿಯಾಗಿ ಕಾಣಿಸದ ಕಣಗಳು. ವಿಜ್ಞಾನಿಗಳು ಪಿಎಂ 2.5 ಎಂದು ಕರೆಯುವ ಸೂಕ್ಷ್ಮಕಣದ ವ್ಯಾಸ ಎರಡೂವರೆ ಮೈಕ್ರೋಮೀಟರಿಗೆ ಮೀರದು. ತಲೆಗೂದಲಿನ ದಪ್ಪದಲ್ಲಿ ಅದು ಹೆಚ್ಚುಕಡಿಮೆ ಮೂವತ್ತರಲ್ಲೊಂದು ಪಾಲು. ಮೂಗಿನ ರೋಮಗಳಾಗಲಿ ಗಂಟಲಿನ ಶ್ಲೇಷ್ಮವಾಗಲಿ ಇದನ್ನು ಪೂರ್ತಿಯಾಗಿ ತಡೆಯಲಾರವು. ಪುಪ್ಪುಸದ ಕಟ್ಟಕಡೆಯ ಗಾಳಿಚೀಲಗಳವರೆಗೂ ಅದು ಇಳಿಯುತ್ತದೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಪುಪ್ಪುಸದಲ್ಲಿ ಹುಟ್ಟುವ ಉರಿಯೂತ ಅಲ್ಲಿಯೇ ನಿಲ್ಲದೆ ರಕ್ತನಾಳಗಳನ್ನು ಗಡುಸಾಗಿಸಿ, ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ದಾರಿಮಾಡುತ್ತದೆ. ಗರ್ಭಿಣಿಯರು ಉಸಿರಾಡಿದ ಹೊಗೆ ಶಿಶುವಿನ ತೂಕವನ್ನು ಕುಂದಿಸುತ್ತದೆ, ದಿನ ತುಂಬುವ ಮುನ್ನವೇ ಹೆರಿಗೆಯಾಗುವ ಸಂಭವವನ್ನು ಹೆಚ್ಚಿಸುತ್ತದೆ; ಎಳೆಯ ಮಕ್ಕಳಲ್ಲಿ ನ್ಯುಮೋನಿಯಕ್ಕೆ ಎಡೆಗೊಡುತ್ತದೆ. 2013ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊರಾಂಗಣದ ಕಲುಷಿತ ವಾಯುವನ್ನು ನಿಸ್ಸಂದೇಹವಾದ ಕ್ಯಾನ್ಸರ್‌ಕಾರಕಗಳ ವರ್ಗಕ್ಕೆ ಸೇರಿಸಿತು. ಮನೆಯೊಳಗಿನ ಮತ್ತು ಹೊರಗಿನ ವಾಯುಮಾಲಿನ್ಯಗಳೆರಡೂ ಸೇರಿ ಜಗತ್ತಿನಲ್ಲಿ ವರ್ಷಂಪ್ರತಿ ಸುಮಾರು 70 ಲಕ್ಷ ಅಕಾಲಮರಣಗಳಿಗೆ ಕಾರಣವಾಗುತ್ತಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು. ಭಾರತದ ರಾಷ್ಟ್ರೀಯ ಮಾನದಂಡ 40ರವರೆಗೆ ಅವಕಾಶ ಕೊಡುತ್ತದೆ. ದೆಹಲಿಯ ಸರಾಸರಿಯಾದರೋ ಇತ್ತೀಚಿನ ವರ್ಷಗಳಲ್ಲಿ 100ರ ಆಸುಪಾಸಿನಲ್ಲಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಯಾವ ಸೂಕ್ಷ್ಮತೆಯ ಬಲದಿಂದ ಈ ಕಣ ಪುಪ್ಪುಸದ ಆಳಕ್ಕೆ ಇಳಿಯುವುದೋ, ಅದೇ ಸೂಕ್ಷ್ಮತೆಯ ಬಲದಿಂದಲೇ ಅದು ದೇಶದಿಂದ ದೇಶಕ್ಕೆ ಪ್ರಯಾಣ ಮಾಡುವುದು. ದಪ್ಪನೆಯ ಧೂಳು ತನ್ನ ಭಾರದಿಂದಲೇ ಬೇಗನೆ ನೆಲಕ್ಕೆ ಬೀಳುತ್ತದೆ. ಸೂಕ್ಷ್ಮಕಣ ಮಳೆಯಿಲ್ಲದ ಕಾಲದಲ್ಲಿ ದಿನಗಟ್ಟಲೆ, ಕೆಲವು ವೇಳೆ ವಾರದ ಪರ್ಯಂತ, ಗಾಳಿಯಲ್ಲಿ ತೇಲಿಕೊಂಡಿದ್ದು ನೂರಾರು ಕಿಲೋಮೀಟರುಗಳನ್ನು ಕ್ರಮಿಸುತ್ತದೆ. ಆದುದರಿಂದ ದೂರದಿಂದ ಬರುವ ಹೊಗೆಯಲ್ಲಿ ಆರೋಗ್ಯಕ್ಕೆ ಅತ್ಯಂತ ಹಾನಿಕರವಾದ ಅಂಶವೇ ಉಳಿದು ಬರುತ್ತದೆ. ಅದಲ್ಲದೆ ಈ ಪ್ರಯಾಣದಲ್ಲಿ ಹೊಗೆಯ ಸ್ವರೂಪವೂ ಮಾರ್ಪಡುತ್ತದೆ. ವಿದ್ಯುತ್ ಸ್ಥಾವರದ ಕಲ್ಲಿದ್ದಲಿನಿಂದ ಹೊರಟ ಗಂಧಕದ ಡೈಆಕ್ಸೈಡ್, ವಾಹನಗಳಿಂದ ಹೊರಟ ಸಾರಜನಕದ ಆಕ್ಸೈಡುಗಳು, ಗೊಬ್ಬರ ಹಾಕಿದ ಹೊಲಗಳಿಂದಲೂ ದನದ ಕೊಟ್ಟಿಗೆಗಳಿಂದಲೂ ಏಳುವ ಅಮೋನಿಯ ಇವು ಹೊರಡುವಾಗ ಅನಿಲಗಳಾಗಿದ್ದು, ಆಕಾಶಮಾರ್ಗದಲ್ಲಿ ಪರಸ್ಪರ ಕೂಡಿ ಘನವಾದ ಕಣಗಳಾಗುತ್ತವೆ. ಒಂದು ನಾಡಿನ ಚಿಮಣಿಯ ಹೊಗೆಯೂ ಮತ್ತೊಂದು ನಾಡಿನ ಹೊಲದ ಆವಿಯೂ ಸೇರಿ ಹುಟ್ಟಿದ ಕಣ ಮೂರನೆಯ ನಾಡಿನ ಮಗುವಿನ ಎದೆಯನ್ನು ಸೇರುವುದುಂಟು. ಇಂಥ ಕಣಕ್ಕೆ ಒಂದೇ ರಾಷ್ಟ್ರವನ್ನು ಜನಕನೆಂದು ನಿಷ್ಕರ್ಷಿಸುವುದು ಅಸಾಧ್ಯ.

ಜಗತ್ತಿನಲ್ಲಿ ಹೊಗೆಯ ಈ ಪ್ರಯಾಣ ಸಿಂಧೂ–ಗಂಗಾ ಬಯಲಿನಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಕಾಣಿಸುವ ಸ್ಥಳಗಳು ವಿರಳ. ಉತ್ತರದಲ್ಲಿ ಹಿಮಾಲಯ ಗಾಳಿಯನ್ನು ತಡೆದು ನಿಂತಿದೆ. ಚಳಿಗಾಲ ಬಂದಿತೆಂದರೆ ನೆಲದ ಸಮೀಪದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಹರಡಿ, ಹೊಗೆ ಮೇಲೇರಿ ಚದರಿಹೋಗದಂತೆ ಅದನ್ನು ಕೆಲವೇ ನೂರು ಮೀಟರುಗಳ ಎತ್ತರದೊಳಗೆ ಅಡಗಿಸಿಡುತ್ತದೆ. ವಾಯವ್ಯದಿಂದ ಆಗ್ನೇಯಕ್ಕೆ ಬೀಸುವ ಮಂದಮಾರುತ ಈ ರಾಶಿಯನ್ನು ಲಾಹೋರಿನಿಂದ ಅಮೃತಸರಕ್ಕೆ, ಅಲ್ಲಿಂದ ದೆಹಲಿಗೆ, ಲಖನೌಗೆ, ಪಾಟ್ನಾಕ್ಕೆ, ಕೊನೆಗೆ ಢಾಕಾದವರೆಗೆ ನಿಧಾನವಾಗಿ ತಳ್ಳುತ್ತದೆ; ದಿಕ್ಕು ಬದಲಾದ ದಿನಗಳಲ್ಲಿ ಪೂರ್ವದ ಹೊಗೆ ಪಶ್ಚಿಮಕ್ಕೂ ಹೋಗುತ್ತದೆ. ಅಕ್ಟೋಬರ್‌–ನವೆಂಬರ್‌ಗಳಲ್ಲಿ ಎರಡೂ ಪಂಜಾಬುಗಳ ಗದ್ದೆಗಳಲ್ಲಿ, ಯಂತ್ರ ಕೊಯ್ದುಬಿಟ್ಟ ಭತ್ತದ ಕೂಳೆಗೆ ರೈತರು ಬೆಂಕಿಯಿಡುತ್ತಾರೆ. ಏಕೆಂದರೆ ಗೋಧಿ ಬಿತ್ತನೆಗೆ ಅವರಿಗೆ ಉಳಿದಿರುವುದು ಎರಡು ಮೂರು ವಾರ ಮಾತ್ರ. ನಮ್ಮ ಪಂಜಾಬಿನಲ್ಲಿ ಅಂತರ್ಜಲವನ್ನು ಉಳಿಸುವ ಸದುದ್ದೇಶದಿಂದ 2009ರಲ್ಲಿ ಬಂದ ಕಾನೂನು ನಾಟಿಯನ್ನು ಮುಂದಕ್ಕೆ ಹಾಕಿದುದರಿಂದ, ಕೊಯಿಲೂ ಮುಂದಕ್ಕೆ ಸರಿದು, ಗಾಳಿ ಸ್ತಬ್ಧವಾಗುವ ಕಾಲಕ್ಕೇ ಬೆಂಕಿಯ ಕಾಲವೂ ಕೂಡಿಬಂದಿತು. ಆದರೆ ರೈತನ ಬೆಂಕಿ ಕೆಲವು ವಾರಗಳ ಮಾತು. ಕಲ್ಲಿದ್ದಲಿನ ಸ್ಥಾವರ, ಡೀಸೆಲ್ ಲಾರಿ, ಇಟ್ಟಿಗೆ ಗೂಡು, ಕಸದ ರಾಶಿಯ ಬೆಂಕಿ, ಬಡವರ ಮನೆಯ ಸೌದೆ ಒಲೆ ಇವು ವರ್ಷವಿಡೀ ಉರಿಯತಕ್ಕವು.

2024ರ ನವೆಂಬರಿನಲ್ಲಿ ಲಾಹೋರಿನ ವಾಯುಗುಣಮಟ್ಟದ ಸೂಚ್ಯಂಕ 1000ವನ್ನು ದಾಟಿತು. ಶಾಲೆಗಳು ಮುಚ್ಚಿದವು, ಉದ್ಯಾನಗಳು ಮುಚ್ಚಿದವು. ಪಾಕಿಸ್ತಾನದ ಪಂಜಾಬಿನಲ್ಲಿ ಐದು ವರ್ಷದೊಳಗಿನ 1 ಕೋಟಿ 10 ಲಕ್ಷ ಮಕ್ಕಳು ಈ ವಿಷವಾಯುವಿಗೆ ಒಡ್ಡಿಕೊಂಡಿರುವರೆಂದು ಯುನಿಸೆಫ್ ಎಚ್ಚರಿಸಿತು. ಅದೇ ತಿಂಗಳಲ್ಲಿ ದೆಹಲಿಯ ಸೂಚ್ಯಂಕವೂ 490ನ್ನು ಮೀರಿ, ಅಲ್ಲಿಯ ಮಕ್ಕಳೂ ಶಾಲೆಬಿಟ್ಟು ಮನೆಯಲ್ಲಿ ಕುಳಿತರು. ಎರಡು ನಗರಗಳ ವೈದ್ಯರೂ ಒಂದೇ ವಾರದಲ್ಲಿ ಒಂದೇ ಬಗೆಯ ರೋಗಿಗಳನ್ನು ನೋಡುತ್ತಿದ್ದರು. ಆದರೆ ಎರಡು ಸರ್ಕಾರಗಳು ಈ ವಿಷಯದಲ್ಲಿ ಒಂದೆಡೆ ಕುಳಿತು ಮಾತನಾಡಲಿಲ್ಲ.

ವಿಶ್ವ ಬ್ಯಾಂಕು 2023ರಲ್ಲಿ ಪ್ರಕಟಿಸಿದ ವರದಿಯೊಂದು ದಕ್ಷಿಣ ಏಷ್ಯವನ್ನು, ರಾಜಕೀಯ ಭೂಪಟವನ್ನು ಬದಿಗಿಟ್ಟು, ಒಂದೇ ಗಾಳಿಯನ್ನು ಹಂಚಿಕೊಳ್ಳುವ ಆರು ವಾಯುವಲಯಗಳನ್ನಾಗಿ ಗುರುತಿಸಿತು. ಆ ವರದಿಯ ಎರಡು ಅಂಕಿಗಳನ್ನು ಭಾರತೀಯರಾದ ನಾವು ಒಟ್ಟಿಗೆ ಇಟ್ಟು ಓದಬೇಕು. ನಮ್ಮ ಪಂಜಾಬಿನ ಮಾಲಿನ್ಯದಲ್ಲಿ 30 ಪ್ರತಿಶತ ಪಾಕಿಸ್ತಾನದ ಪಂಜಾಬಿನಿಂದ ಬಂದದ್ದು; ಬಾಂಗ್ಲಾದೇಶದ ದೊಡ್ಡ ನಗರಗಳ ಮಾಲಿನ್ಯದಲ್ಲಿ ಸರಾಸರಿ 30 ಪ್ರತಿಶತ ಭಾರತದಿಂದ ಹೋದದ್ದು. ಪಶ್ಚಿಮದ ಗಡಿಯಲ್ಲಿ ನಾವು ಎಷ್ಟರಮಟ್ಟಿಗೆ ಫಿರ್ಯಾದಿಗಳೋ, ಪೂರ್ವದ ಗಡಿಯಲ್ಲಿ ಅಷ್ಟರಮಟ್ಟಿಗೇ ಆಪಾದಿತರು. ಲಾಹೋರಿನ ಮುಂದೆ ನಾವು ಯಾವ ನ್ಯಾಯವನ್ನು ಎತ್ತಿಹಿಡಿಯುತ್ತೇವೆಯೋ, ಢಾಕಾದ ಮುಂದೆ ಅದೇ ನ್ಯಾಯಕ್ಕೆ ತಲೆಬಾಗಬೇಕು. ಉಳಿದ 70 ಪ್ರತಿಶತದ ಮಾತನ್ನೂ ಮರೆಯತಕ್ಕದ್ದಲ್ಲ. ನೆರೆಯವರ ಹೊಗೆ ಇಂದೇ ಪೂರ್ತಿಯಾಗಿ ನಿಂತರೂ ನಮ್ಮ ಪಂಜಾಬಿನ ಆಕಾಶ ನಿರ್ಮಲವಾಗದು. ಆದರೆ ನಮ್ಮದನ್ನು ಪೂರ್ತಿಯಾಗಿ ನಿಲ್ಲಿಸಿದರೂ ಅದು ನಿರ್ಮಲವಾಗದೆಂಬುದೂ ಅಷ್ಟೇ ಸತ್ಯವಾದುದರಿಂದ, ಸ್ವಪ್ರಯತ್ನ ಸಹಪ್ರಯತ್ನಗಳಲ್ಲಿ ಯಾವೊಂದನ್ನೂ ಬಿಡುವಂತಿಲ್ಲ.

ಒಂದು ರಾಷ್ಟ್ರದ ಹೊಗೆಗೆ ಇನ್ನೊಂದು ರಾಷ್ಟ್ರದ ಮುಂದೆ ಉತ್ತರ ಹೇಳಬೇಕೆಂಬ ತತ್ತ್ವ ಹೊಸದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಟ್ರೇಲ್ ಎಂಬ ಊರಿನಲ್ಲಿ ಸೀಸ ಮತ್ತು ಸತುವಿನ ಅದಿರನ್ನು ಕರಗಿಸುವ ಕಾರ್ಖಾನೆಯೊಂದಿತ್ತು. ಅದರ ಗಂಧಕದ ಹೊಗೆ ಕೊಲಂಬಿಯ ನದಿಯ ಕಣಿವೆಯಲ್ಲಿ ಇಳಿದು, ಗಡಿಯಾಚೆಗಿನ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಬೆಳೆಗಳನ್ನೂ ಮರಗಳನ್ನೂ ಸುಡುತ್ತಿತ್ತು. ಎರಡು ಸರ್ಕಾರಗಳೂ ಒಪ್ಪಿ ನೇಮಿಸಿದ ಪಂಚಾಯಿತಿ ನ್ಯಾಯಮಂಡಲಿ 1938ರಲ್ಲಿಯೂ 1941ರಲ್ಲಿಯೂ ತೀರ್ಪಿತ್ತು, ಗಂಭೀರವಾದ ಹಾನಿ ಸ್ಪಷ್ಟವಾದ ಸಾಕ್ಷ್ಯದಿಂದ ಸಿದ್ಧವಾದಲ್ಲಿ, ತನ್ನ ನೆಲವನ್ನು ಪರರಾಷ್ಟ್ರಕ್ಕೆ ಹೊಗೆಯಿಂದ ಕೇಡಾಗುವಂತೆ ಬಳಸುವ ಹಕ್ಕು ಯಾವ ರಾಷ್ಟ್ರಕ್ಕೂ ಇಲ್ಲವೆಂದು ಸಾರಿತು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನೆರೆದ ವಿಶ್ವಸಂಸ್ಥೆಯ ಸಮ್ಮೇಳನ ಇದೇ ತತ್ತ್ವವನ್ನು ತನ್ನ ಘೋಷಣೆಯಲ್ಲಿ ಸೇರಿಸಿತು. ಆ ಸಮ್ಮೇಳನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಸ್ವತಃ ಭಾಗವಹಿಸಿದ್ದರು. ಅಲ್ಲಿಯ ನಿರ್ಣಯಗಳನ್ನು ಕಾರ್ಯರೂಪಕ್ಕೆ ತರುವ ಸಲುವಾಗಿಯೇ 1981ರ ನಮ್ಮ ವಾಯುಮಾಲಿನ್ಯ ನಿಯಂತ್ರಣದ ಅಧಿನಿಯಮ ರಚಿತವಾಯಿತು. ನಾವು ಒಪ್ಪಿದ ಧರ್ಮವಿದು. ಯಾರೂ ನಮ್ಮ ಮೇಲೆ ಹೊರಿಸಿದ್ದಲ್ಲ.

ತತ್ತ್ವ ಆಚರಣೆಯಾಗುವ ಬಗೆಯನ್ನು ತೋರಿಸಿಕೊಟ್ಟದ್ದು ಯೂರೋಪು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರ ಪ್ರಾಣವನ್ನು ತೆಗೆದ ತರುವಾಯ, ಬ್ರಿಟನ್ ತನ್ನ ನಗರಗಳನ್ನು ಶುದ್ಧಿಗೊಳಿಸಲು ತೊಡಗಿ, ವಿದ್ಯುತ್ ಸ್ಥಾವರಗಳಿಗೆ ಎತ್ತರವಾದ ಚಿಮಣಿಗಳನ್ನು ಕಟ್ಟಿತು. ಸುತ್ತಲಿನ ಗಾಳಿ ತಿಳಿಯಾಯಿತು. ಹೊಗೆ ಮಾತ್ರ ಇಲ್ಲವಾಗಲಿಲ್ಲ, ಇನ್ನಷ್ಟು ದೂರ ಹೋಯಿತು. 1967ರಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್ ಅವರು ತಮ್ಮ ನಾಡಿನ ದಿನಪತ್ರಿಕೆಯೊಂದರಲ್ಲಿ ಲೇಖನ ಬರೆದು, ಸ್ಕ್ಯಾಂಡಿನೇವಿಯದ ಸರೋವರಗಳನ್ನು ಹುಳಿಗೊಳಿಸುತ್ತಿರುವ ಆಮ್ಲಮಳೆಯ ಮೂಲ ಬ್ರಿಟನ್ನಿನ ಮತ್ತು ಮಧ್ಯ ಯೂರೋಪಿನ ಹೊಗೆಯಲ್ಲಿದೆಯೆಂದು ಪ್ರತಿಪಾದಿಸಿದರು. ಸಂದೇಹಗಳೆದ್ದವು, ನಿರಾಕರಣೆಗಳೆದ್ದವು. ಆದರೆ ಒಂದು ದಶಕದ ಅಳತೆಯ ಕಾರ್ಯದ ಅನಂತರ, 1979ರ ನವೆಂಬರಿನಲ್ಲಿ, ಜಿನೀವಾದಲ್ಲಿ, ಗಡಿ ದಾಟುವ ದೂರಗಾಮಿ ವಾಯುಮಾಲಿನ್ಯದ ಒಪ್ಪಂದಕ್ಕೆ ಸಹಿ ಬಿದ್ದಿತು. ಶೀತಲ ಸಮರ ತೀಕ್ಷ್ಣವಾಗಿದ್ದ ಕಾಲವದು. ಪರಸ್ಪರರ ಕಡೆಗೆ ಪರಮಾಣು ಕ್ಷಿಪಣಿಗಳನ್ನು ಗುರಿಯಿಟ್ಟು ಕುಳಿತಿದ್ದ ಅಮೆರಿಕವೂ ಸೋವಿಯತ್ ಒಕ್ಕೂಟವೂ ಆ ಒಂದೇ ಕಾಗದಕ್ಕೆ ಸಹಿಹಾಕಿದವು. 1985ರ ಹೆಲ್ಸಿಂಕಿ ಉಪಸಂಧಿಯಲ್ಲಿ ಗಂಧಕದ ಹೊಗೆಯನ್ನು 1980ರ ಮಟ್ಟಕ್ಕಿಂತ 30 ಪ್ರತಿಶತ ತಗ್ಗಿಸುವ ಪ್ರತಿಜ್ಞೆಯಾಯಿತು. ಅಂದು ಬ್ರಿಟನ್ ಸೇರಲಿಲ್ಲ. ಮುಂದೆ 1994ರ ಓಸ್ಲೋ ಉಪಸಂಧಿಗೆ ಅದೂ ಸಹಿಹಾಕಿತು. ಈ ವ್ಯವಸ್ಥೆಯ ಫಲವಾಗಿ ಯೂರೋಪಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಅಕಾಲಮರಣಗಳು ತಪ್ಪಿವೆಯೆಂದೂ, ಸರಾಸರಿ ಆಯುಸ್ಸಿಗೆ ಒಂದು ವರ್ಷ ಕೂಡಿತೆಂದೂ ಆ ಒಪ್ಪಂದದ ವೈಜ್ಞಾನಿಕ ಸಮೀಕ್ಷೆ ಹೇಳುತ್ತದೆ.

ಈ ಸಾಫಲ್ಯದ ರಹಸ್ಯ ಸಹಿಗಿಂತ ಹೆಚ್ಚಾಗಿ ಅಳತೆಯಲ್ಲಿತ್ತು. ಒಪ್ಪಂದಕ್ಕೂ ಎರಡು ವರ್ಷ ಮುಂಚೆಯೇ, 1977ರಲ್ಲಿ, ರಾಷ್ಟ್ರಗಳೆಲ್ಲ ಸೇರಿ ಸಾಮಾನ್ಯವಾದ ವೀಕ್ಷಣಾಜಾಲವೊಂದನ್ನು ಏರ್ಪಡಿಸಿಕೊಂಡಿದ್ದವು. ಯಾರ ಹೊಗೆ ಯಾರ ನೆಲದಲ್ಲಿ ಎಷ್ಟು ಬಿದ್ದಿತೆಂಬ ಲೆಕ್ಕವನ್ನು ಅದು ಪಕ್ಷಪಾತವಿಲ್ಲದೆ ಎಲ್ಲರ ಮುಂದೆ ಇಡುತ್ತ ಬಂದಿತು. ನಮ್ಮ ಕೆರೆಯ ಬಯಲಿನ ಹಳ್ಳಿಗಳಲ್ಲಿ ನೀರುಗಂಟಿಯೆಂಬ ಒಬ್ಬನಿರುತ್ತಿದ್ದನು. ತೂಬಿನ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕೆಂಬುದನ್ನು ಅವನು ನಿರ್ಣಯಿಸುತ್ತಿದ್ದುದರಿಂದಲೇ, ಒಬ್ಬರನ್ನೊಬ್ಬರು ನಂಬದ ಒಕ್ಕಲುಗಳೂ ಒಂದೇ ಕೆರೆಯ ಕೆಳಗೆ ಬಾಳಲು ಸಾಧ್ಯವಾಗುತ್ತಿತ್ತು. ನೆರೆಯವರಲ್ಲಿ ವಿಶ್ವಾಸ ಮೊದಲು ಹುಟ್ಟಿ ಅಳತೆ ಆಮೇಲೆ ಬರುವುದಿಲ್ಲ. ಎಲ್ಲರೂ ಒಪ್ಪಿದ ಅಳತೆಯಿಂದಲೇ ವಿಶ್ವಾಸ ಹುಟ್ಟತಕ್ಕದ್ದು.

ಇದಕ್ಕೆ ಪ್ರತಿಯಾದ ದೃಷ್ಟಾಂತವೂ ಇದೆ. ಇಂಡೊನೇಷ್ಯದ ಸುಮಾತ್ರಾ, ಕಾಲಿಮಂಟಾನ್‌ಗಳಲ್ಲಿ, ತಾಳೆ ಎಣ್ಣೆಯ ಮತ್ತು ಕಾಗದದ ತಿರುಳಿನ ತೋಟಗಳಿಗಾಗಿ ಬಸಿದು ಒಣಗಿಸಿದ ಜೌಗುನೆಲಗಳಿಗೆ ಬೆಂಕಿ ಬಿದ್ದಾಗ, ಹೊಗೆ ಸಿಂಗಪುರವನ್ನೂ ಮಲೇಷ್ಯವನ್ನೂ ಕವಿಯುತ್ತದೆ. 2002ರಲ್ಲಿ ಆಸಿಯಾನ್ ರಾಷ್ಟ್ರಗಳು ಇದಕ್ಕಾಗಿ ಒಪ್ಪಂದ ಮಾಡಿಕೊಂಡವು; ಆದರೆ ಹೊಗೆಯ ಮುಖ್ಯ ಮೂಲವಾದ ಇಂಡೊನೇಷ್ಯವೇ ಅದನ್ನು ಸ್ಥಿರೀಕರಿಸಿದ್ದು 2014ರಲ್ಲಿ. 2015ರ ಹೊಗೆಯಿಂದ ಮೂರು ದೇಶಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಅಕಾಲಮರಣಗಳು ಸಂಭವಿಸಿರಬೇಕೆಂದು ಹಾರ್ವರ್ಡ್ ಮತ್ತು ಕೊಲಂಬಿಯ ವಿಶ್ವವಿದ್ಯಾಲಯಗಳ ಸಂಶೋಧಕರು ಲೆಕ್ಕಹಾಕಿದಾಗ ಆ ಸರ್ಕಾರಗಳು ಅದನ್ನು ಒಪ್ಪಲಿಲ್ಲ. ಸತ್ತವರ ಪೈಕಿ ಬಹುಪಾಲು, ಆ ಲೆಕ್ಕದ ಪ್ರಕಾರ, ಇಂಡೊನೇಷ್ಯದವರೇ. ನೆರೆಯವರಿಗೆ ಹೊಗೆ ಕಳುಹಿಸುವ ರಾಷ್ಟ್ರ ತನ್ನ ಪ್ರಜೆಗಳಿಗೇ ಮೊದಲು ಕೇಡು ಮಾಡುತ್ತದೆಂಬುದನ್ನು ಇದಕ್ಕಿಂತ ಕರುಣಾಜನಕವಾಗಿ ಹೇಳುವುದು ಸಾಧ್ಯವಿಲ್ಲ.

ನಮ್ಮ ಭಾಗದಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ. 1999ರ ಆರಂಭದಲ್ಲಿ ನಡೆದ ಹಿಂದೂ ಮಹಾಸಾಗರ ಪ್ರಯೋಗದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಹಡಗು, ವಿಮಾನ, ಮಾಲ್ಡೀವ್ಸ್‌ನ ವೀಕ್ಷಣಾಲಯಗಳಿಂದ ಅಳೆದು, ಉಪಖಂಡದಿಂದ ಹೊರಟ ಕಂದುಹೊಗೆ ಸುಮಾರು ಮೂರು ಕಿಲೋಮೀಟರ್ ದಪ್ಪನಾಗಿ ಸಾಗರದ ಮೇಲೆ ಹರಡಿರುವುದನ್ನು ಕಂಡರು. ಅದರ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ಆ ಹೊಗೆಯನ್ನು ಕುರಿತು 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಪ್ರಕಟಿಸಿದ ವರದಿಯ ಆತುರದ ತೀರ್ಮಾನಗಳನ್ನು ವಿದ್ವತ್ಪೂರ್ಣವಾಗಿ ವಿಮರ್ಶಿಸಿದ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅವರೂ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಒಂದೇ ಮಾಪನದ ಮೇಲೆ ಸದ್ಭಾವದಿಂದ ವಾದಿಸುವ ಶಕ್ತಿ ನಮ್ಮಲ್ಲಿದೆಯೆಂಬುದಕ್ಕೆ ಇದೇ ಸಾಕ್ಷಿ. ಅದಕ್ಕೂ ಮುಂಚೆ, 1998ರಲ್ಲಿ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ಡೀವ್ಸ್, ಇರಾನ್ ಈ ಎಂಟು ದೇಶಗಳು ಮಾಲೆಯಲ್ಲಿ ಗಡಿ ದಾಟುವ ಮಾಲಿನ್ಯವನ್ನು ಕುರಿತ ಘೋಷಣೆಯನ್ನು ಅಂಗೀಕರಿಸಿದವು. ಅದರಿಂದ ಕೆಲವು ಮಾಪನ ಕೇಂದ್ರಗಳೂ ತರಬೇತಿಗಳೂ ಆದವು. ಆದರೆ ಘೋಷಣೆ ಘೋಷಣೆಯಾಗಿಯೇ ಉಳಿಯಿತು. ಯಾರನ್ನೂ ಯಾವುದಕ್ಕೂ ಬಂಧಿಸುವ ಶಕ್ತಿ ಅದಕ್ಕೆ ಬರಲಿಲ್ಲ.

ಪಾಕಿಸ್ತಾನದೊಂದಿಗೆ ಇಂದಿನ ಸ್ಥಿತಿಯಲ್ಲಿ ಒಪ್ಪಂದ ಸಾಧ್ಯವೇ ಎಂದು ಕೇಳುವವರಿದ್ದಾರೆ. 1960ರ ಸಿಂಧೂ ಜಲ ಒಪ್ಪಂದವೇ 2025ರಿಂದ ಅಮಾನತಿನಲ್ಲಿರುವಾಗ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತವೆದ್ದಾಗ ಅದರ ಮುನ್ಸೂಚನೆಯನ್ನು ಪಾಕಿಸ್ತಾನವೂ ಸೇರಿದಂತೆ ಸುತ್ತಲಿನ ರಾಷ್ಟ್ರಗಳಿಗೆ ತಲಪಿಸುವ ಹೊಣೆಯನ್ನು ದೆಹಲಿಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಹೊತ್ತಿದೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿನ ಕರಾವಳಿಯನ್ನೂ ಸಿಂಧ್‌ನ ಕರಾವಳಿಯನ್ನೂ ಏಕಕಾಲದಲ್ಲಿ ಬೆದರಿಸಿದಾಗ ಈ ವ್ಯವಸ್ಥೆಯ ಬೆಲೆ ಎಲ್ಲರಿಗೂ ತಿಳಿಯಿತು. ಬಿರುಗಾಳಿಯ ವಿಷಯದಲ್ಲಿ ಸಾಧ್ಯವಾದುದು ವಿಷಗಾಳಿಯ ವಿಷಯದಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ. 2024ರಲ್ಲಿ ಪಾಕಿಸ್ತಾನದ ಪಂಜಾಬಿನ ಮುಖ್ಯಮಂತ್ರಿ ಮರಿಯಂ ನವಾಜ್ ಅವರು ಹೊಗೆಮಂಜಿನ ವಿಷಯವಾಗಿ ನಮ್ಮ ಪಂಜಾಬಿನ ಮುಖ್ಯಮಂತ್ರಿಗೆ ಪತ್ರ ಬರೆಯುವ ಇಚ್ಛೆಯನ್ನು ಬಹಿರಂಗವಾಗಿಯೇ ಹೇಳಿದ್ದರು. ಅಂಥ ಮಾತಿಗೆ ಕಿವಿಗೊಡುವುದರಿಂದ ಯಾವ ರಾಷ್ಟ್ರದ ಗೌರವಕ್ಕೂ ಊನವಿಲ್ಲ.

ದಕ್ಷಿಣದಲ್ಲಿರುವ ನಮಗೆ, ಕನ್ನಡಿಗರಿಗೆ, ಇದರಿಂದೇನು ಎಂದು ಕೇಳುವವರಿಗೂ ಉತ್ತರವುಂಟು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು, 2007ರಲ್ಲಿ ಸೂಕ್ಷ್ಮಕಣಗಳಿಂದಾದ 34 ಲಕ್ಷ 50 ಸಾವಿರ ಅಕಾಲಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು 12 ಪ್ರತಿಶತ ಬೇರೊಂದು ಪ್ರದೇಶದಿಂದ ಗಾಳಿಯ ಮೂಲಕ ಬಂದ ಹೊಗೆಯಿಂದಲೂ, 22 ಪ್ರತಿಶತ ಬೇರೊಂದು ಪ್ರದೇಶದ ಜನರ ಬಳಕೆಗಾಗಿ ತಯಾರಾದ ಸರಕುಗಳ ಹೊಗೆಯಿಂದಲೂ ಸಂಭವಿಸಿದವೆಂದು ತೋರಿಸಿತು. ಗಾಳಿ ದಾಟಿಸುವುದಕ್ಕಿಂತ ಹೆಚ್ಚಿನ ಮರಣವನ್ನು ವ್ಯಾಪಾರ ದಾಟಿಸುತ್ತದೆ. ಬೆಂಗಳೂರಿನಲ್ಲಿ ನಾವು ಉಣ್ಣುವ ಬಾಸ್ಮತಿ ಅನ್ನ ಯಾವ ಗದ್ದೆಯ ಕೂಳೆಯ ಬೆಂಕಿಯನ್ನು ದಾಟಿ ಬಂದಿತೆಂಬುದನ್ನು ವಿಚಾರಿಸಿದವನು, ತಾನು ದೂರದವನೆಂದು ನಿಶ್ಚಿಂತನಾಗಿರಲಾರ.

ಹಾಗಾದರೆ ಕರ್ತವ್ಯವೇನು? ಮೊದಲನೆಯದಾಗಿ ಭಾರತ ತನ್ನ ಗಡಿಭಾಗದ ಮಾಪನಗಳನ್ನು ನೆರೆಯ ರಾಷ್ಟ್ರಗಳ ಮಾಪನಗಳೊಂದಿಗೆ ಒಂದೇ ಪದ್ಧತಿಯಲ್ಲಿ ಪ್ರಕಟಿಸುವ ಸಾಮಾನ್ಯ ಜಾಲವನ್ನು ಪ್ರಸ್ತಾಪಿಸಲಿ. ಅದರ ಆರಂಭ, ನಾವು ಹೊಗೆಯನ್ನು ಕಳುಹಿಸುವ ಪೂರ್ವದಿಕ್ಕಿನಲ್ಲಿ, ಬಾಂಗ್ಲಾದೇಶದೊಡನೆ ಆಗಲಿ. ತನ್ನ ಋಣವನ್ನು ಮೊದಲು ಒಪ್ಪಿಕೊಂಡವನ ಮಾತಿಗೆ ಪಶ್ಚಿಮದಲ್ಲಿಯೂ ತೂಕ ಬರುತ್ತದೆ. ಎರಡನೆಯದಾಗಿ, ದೆಹಲಿ ಮತ್ತು ಸುತ್ತಲಿನ ರಾಜ್ಯಗಳಿಗಾಗಿ 2021ರ ಕಾನೂನಿನಿಂದ ವಾಯುಗುಣಮಟ್ಟದ ಆಯೋಗವನ್ನು ರಚಿಸಿ, ಹೊಗೆಯ ಮುಂದೆ ರಾಜ್ಯಗಳ ಎಲ್ಲೆ ನಿಲ್ಲದೆಂಬುದನ್ನು ನಾವು ಒಪ್ಪಿದ್ದೇವೆ. ಆ ಆಯೋಗಕ್ಕೆ ತನ್ನ ಆಜ್ಞೆಗಳನ್ನು ನಡೆಸುವ ಬಲವನ್ನೂ, ಕೂಳೆಯನ್ನು ಸುಡದೆ ನಿರ್ವಹಿಸುವ ರೈತನಿಗೆ ಅದರ ವೆಚ್ಚವನ್ನೂ, ಸ್ಥಾವರಗಳಿಗೆ ಗಂಧಕನಿವಾರಕ ಯಂತ್ರಗಳನ್ನೂ ಕೊಟ್ಟು ಅದನ್ನು ಸಫಲಗೊಳಿಸುವುದೇ ನೆರೆಯವರಿಗೆ ನಾವು ಹೇಳಬಲ್ಲ ಅತ್ಯುತ್ತಮವಾದ ಪಾಠ. ಮೂರನೆಯದಾಗಿ, 1998ರ ಮಾಲೆ ಘೋಷಣೆಯನ್ನು ವರ್ಷ, ಪ್ರಮಾಣಗಳನ್ನು ಗೊತ್ತುಮಾಡಿದ ಒಪ್ಪಂದವನ್ನಾಗಿ ಮಾರ್ಪಡಿಸಬೇಕು. ಅದರಲ್ಲಿ ಮೊದಲ ಪ್ರತಿಜ್ಞೆಯನ್ನು ಮಾಡತಕ್ಕವರು, ಈ ಬಯಲಿನ ಅತಿ ದೊಡ್ಡ ಭಾಗದ ಒಡೆಯರಾದ ನಾವು.

ಭೂಮಿಯನ್ನು ಪಾಲುಮಾಡಿಕೊಂಡೆವು, ನದಿಗಳನ್ನು ಪಾಲುಮಾಡಿಕೊಂಡೆವು. ಗಾಳಿಯನ್ನು ಪಾಲುಮಾಡಿಕೊಳ್ಳುವ ಶಕ್ತಿ ಯಾವ ಸಾರ್ವಭೌಮನಿಗೂ ಇಲ್ಲ. ಹಾಗೆ ಪಾಲಾಗದೆ ಉಳಿದ ವಸ್ತುವನ್ನು ಕಾಯುವ ಹೊಣೆ ಎಲ್ಲರ ಮೇಲೂ ಸಮವಾಗಿ ಬೀಳುತ್ತದೆ. ಆ ಹೊಣೆಯನ್ನು ನೆರೆಯವನು ಹೊರುವ ತನಕ ನಾನು ಹೊರೆನೆಂದು ಎರಡು ಕಡೆಯವರೂ ಹಟಹಿಡಿದು ಕುಳಿತರೆ, ಆ ಹಟಕ್ಕೆ ಎರಡು ಕಡೆಯ ಮಕ್ಕಳೂ ತಮ್ಮ ಆಯುಸ್ಸಿನಿಂದ ಬೆಲೆ ತೆರುತ್ತಾರೆ. ಹೊರುತ್ತೇನೆಂದು ಮೊದಲು ಹೇಳುವ ರಾಷ್ಟ್ರ ಭಾರತವಾಗಲಿ. ಮುಂದಿನ ಚಳಿಗಾಲ ಬರುವ ಮುನ್ನವೇ ಆ ಮಾತು ಢಾಕಾಕ್ಕೂ ಲಾಹೋರಿಗೂ ಲಿಖಿತವಾಗಿ ತಲಪಲಿ.